ಬೆಳ್ಳಿ ರೈಲಿನ 11 ಬೋಗಿ: ಗ್ಯಾರೇಜಲ್ಲಿ ಕ್ಯಾಲಿಫೋರ್ನಿಯಾ ಝೆಫರ್ ಜೋಡಿಸಿದ್ದು

ಮೊದಲು ಕೈಗೆ ಬಂದಿದ್ದೇ ಕೊನೇ ಬೋಗಿ. ಹಳೇ ಮಾಡೆಲ್ ರೈಲು ಮಾರೋ ಒಂದು ಭಾನುವಾರದ ಸ್ವಾಪ್ ಮೀಟಿಗೆ ಹೋಗಿದ್ದೆ, ಒಬ್ಬರು ಟೇಬಲ್ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಇಟ್ಟಿದ್ರು, ಡಬ್ಬ ಇಲ್ಲ, ಹಿಂಭಾಗ ಗುಂಡಗೆ, ಮೇಲೆ ಗಾಜಿನ ಗೋಪುರ, ಪಕ್ಕದಲ್ಲಿ ಸಿಲ್ವರ್ ಪ್ಲಾನೆಟ್ ಅಂತ ಹೆಸರು. ಬಿಸಿಲು ಬಿದ್ದು ಹೊಳೀತಿತ್ತು, ಬೆಲೆ ಕೇಳಿದೆ, ತಗೊಂಡೆ. ಮನೆಗೆ ತಂದು ಊಟದ ಟೇಬಲ್ ಮೇಲೆ ಇಟ್ಟಾಗ ಅಪ್ಪ (ಆಗ ಮೈಸೂರಿಂದ ಆರು ತಿಂಗಳಿಗೆ ಅಂತ ಬಂದಿದ್ರು) ಕನ್ನಡಕ ಹಾಕ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಬಾಲ ಕಣೋ, ಮಿಕ್ಕಿದ್ದೆಲ್ಲಿ?" ಅಂದ್ರು.

ಮಿಕ್ಕಿದ್ದನ್ನ ಹುಡುಕಿ, ರಿಪೇರಿ ಮಾಡಿ, ಒಂದಕ್ಕೊಂದು ಜೋಡಿಸೋಕೆ ಮೂರು ವರ್ಷ ಹಿಡೀತು. ಬೇರೆ ಯಾರಾದ್ರೂ ಇದೇ ತರ ಒಂದು ಹಳೇ ರೈಲನ್ನ ಕೂಡಿಸೋಕೆ ಹೊರಟ್ರೆ ಉಪಯೋಗ ಆಗ್ಲಿ ಅಂತ ಏನೇನು ಮಾಡ್ದೆ, ಎಲ್ಲೆಲ್ಲಿ ಎಡವಿದೆ ಎಲ್ಲ ಬರೀತಿದೀನಿ.

ಮೊದಲು ಅಸಲಿ ರೈಲಿನ ಬಗ್ಗೆ, ಇದು ಗೊತ್ತಿಲ್ದೆ ಬೋಗಿ ಕೊಳ್ಳೋಕೆ ಹೋದ್ರೆ ದುಡ್ಡು ದಂಡ. ಕ್ಯಾಲಿಫೋರ್ನಿಯಾ ಝೆಫರ್ 1949ರ ಮಾರ್ಚ್ 20ಕ್ಕೆ ಶುರುವಾಗಿ 1970ರ ಮಾರ್ಚಲ್ಲಿ ನಿಂತುಹೋಯ್ತು. ಶಿಕಾಗೋದಿಂದ ಓಕ್ಲೆಂಡ್‌ವರೆಗೆ 2,525 ಮೈಲಿ. ಇದು ಒಂದು ಕಂಪನಿಯ ರೈಲಲ್ಲ, ಮೂರು ಕಂಪನಿಗಳದ್ದು: ಶಿಕಾಗೋದಿಂದ ಡೆನ್ವರ್‌ವರೆಗೆ ಬರ್ಲಿಂಗ್ಟನ್, ಡೆನ್ವರಿಂದ ಸಾಲ್ಟ್ ಲೇಕ್ ಸಿಟಿವರೆಗೆ ರಿಯೋ ಗ್ರಾಂಡೆ, ಅಲ್ಲಿಂದ ಈಚೆ ವೆಸ್ಟರ್ನ್ ಪೆಸಿಫಿಕ್. ಎಂಜಿನ್ ಡೆನ್ವರಲ್ಲಿ ಒಂದ್ಸಲ, ಸಾಲ್ಟ್ ಲೇಕಲ್ಲಿ ಒಂದ್ಸಲ ಬದಲಾಗ್ತಿತ್ತು, ಬೋಗಿಗಳು ಮಾತ್ರ ಉದ್ದಕ್ಕೂ ಅವೇ. ದಿನಾ ಎರಡೂ ಕಡೆಯಿಂದ ಹೊರಡೋಕೆ ಆರು ಸೆಟ್ ಬೇಕಿತ್ತು, ಆರೂ ಬಡ್ ಕಂಪನಿ ಸ್ಟೇನ್‌ಲೆಸ್ ಸ್ಟೀಲಲ್ಲಿ ಮಾಡಿಕೊಟ್ಟಿದ್ದು. ರಾಕಿ ಬೆಟ್ಟನೂ ಫೆದರ್ ನದಿ ಕಣಿವೆನೂ ಎರಡೂ ಹಗಲಲ್ಲೇ ಸಿಗೋ ಹಾಗೆ ಟೈಮ್‌ಟೇಬಲ್ ಹಾಕಿದ್ರು, ಅದನ್ನ ನೋಡೋಕೇ ಮೇಲಿನ ಗಾಜಿನ ಗೋಪುರ, ಅದಕ್ಕೆ ವಿಸ್ಟಾ ಡೋಮ್ ಅಂತ ಹೆಸರು. ಒಂದು ರೈಲಲ್ಲಿ ಇಂಥ ಡೋಮ್ ಐದು, ಒಂದೊಂದರಲ್ಲೂ 24 ಸೀಟು. ಈ ಡೋಮಿನ ಯೋಚನೆ ಹುಟ್ಟಿದ್ದು 1944ರಲ್ಲಿ, ಜನರಲ್ ಮೋಟರ್ಸಿನ ಸೈರಸ್ ಆಸ್ಬಾರ್ನ್ ಗ್ಲೆನ್‌ವುಡ್ ಕಣಿವೆಯಲ್ಲಿ ಡೀಸೆಲ್ ಎಂಜಿನ್ನಿನ ಕ್ಯಾಬಲ್ಲಿ ಕೂತು ಹೋಗುವಾಗ, ಡ್ರೈವರಿಗೆ ಕಾಣೋ ಈ ನೋಟ ಪ್ಯಾಸೆಂಜರಿಗೂ ಕಾಣಬೇಕು ಅಂತ ಅನ್ನಿಸಿದ್ದರಿಂದ.

ಈ ರೈಲೇ ಬೇಕು ಅನ್ನಿಸೋಕೆ ಇನ್ನೊಂದು ಕಾರಣನೂ ಇದೆ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ. ಝೆಫರ್ ಓಕ್ಲೆಂಡಿಗೆ ಹೋಗ್ತಿದ್ದಿದ್ದು ಇಲ್ಲೇ ನೈಲ್ಸ್ ಕ್ಯಾನ್ಯನ್ ಮೂಲಕ. ಆ ವೆಸ್ಟರ್ನ್ ಪೆಸಿಫಿಕ್ ಹಳಿ ಮೇಲೆ ಈಗ ಬೆಳಗ್ಗೆ ಸಂಜೆ ಏಸ್ ಕಮ್ಯೂಟರ್ ರೈಲು ಓಡುತ್ತೆ, ಅದನ್ನ ನೋಡಿದಾಗೆಲ್ಲ ಇದೇ ತಿರುವಲ್ಲಿ ಆ ಬೆಳ್ಳಿ ರೈಲು ಬಾಗಿ ಬರ್ತಿತ್ತು ಅಂತ ನೆನಪಾಗುತ್ತೆ. ಈಗ ಆಮ್‌ಟ್ರ್ಯಾಕ್ (ಅಮೆರಿಕಾದ ಪ್ಯಾಸೆಂಜರ್ ರೈಲು ಕಂಪನಿ) ಅದೇ ಹೆಸರಲ್ಲಿ ರೈಲು ಓಡಿಸುತ್ತೆ, ಆದ್ರೆ ಅದು ಫೆದರ್ ಕಣಿವೆಗೆ ಹೋಗಲ್ಲ, ಡಾನರ್ ಘಾಟಿ ಹತ್ತಿ ಬರುತ್ತೆ.

ಹೆಸರುಗಳ ಪಟ್ಟಿ

ಸ್ಕೇಲ್ ಯಾವುದು ಅನ್ನೋದು ಸಿಲ್ವರ್ ಪ್ಲಾನೆಟ್ಟೇ ತೀರ್ಮಾನ ಮಾಡಿಬಿಟ್ಟಿತ್ತು, ಅದು ಎಚ್‌ಒ, ಅಂದ್ರೆ 87ಕ್ಕೆ ಒಂದು. ಜಾಗ ಕಮ್ಮಿ ಇರೋರು ಇನ್ನೂ ಸಣ್ಣದಾದ ಎನ್ ಸ್ಕೇಲಿಗೆ ಹೋಗೋದೇ ವಾಸಿ, ಕಾಟೋ ಕಂಪನಿ ಇಡೀ ಝೆಫರನ್ನ ಸೆಟ್ಟಾಗೇ ಮಾಡಿದೆ, ಒಂದು ಬೋಗಿ 16 ಸೆಂಟಿಮೀಟರ್ ಅಷ್ಟೆ. ಎಚ್‌ಒನಲ್ಲಿ 85 ಅಡಿ ಬೋಗಿ ಸುಮಾರು 30 ಸೆಂಟಿಮೀಟರ್ ಆಗುತ್ತೆ, 11 ಬೋಗಿ, ಮೂರು ಎಂಜಿನ್ ಸೇರಿದ್ರೆ ಹತ್ತತ್ರ ನಾಲ್ಕು ಮೀಟರ್ ರೈಲು. ಬ್ರಾಡ್‌ವೇ ಲಿಮಿಟೆಡ್ ಅನ್ನೋ ಕಂಪನಿ ಎಚ್‌ಒನಲ್ಲಿ ಝೆಫರ್ ಬೋಗಿಗಳನ್ನ ಮಾಡಿತ್ತು, ಈಗ ಸಿಗೋದು ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ, ಒಂದೊಂದಾಗಿ.

ಮೊದಮೊದಲು ಸಿಕ್ಕಿದ್ದೆಲ್ಲ ತಗೋತಿದ್ದೆ. ನಾಲ್ಕು ತಿಂಗಳಲ್ಲಿ ನನ್ನ ಹತ್ರ ಐದು ಡೋಮ್ ಕೋಚು (ಡೋಮ್ ಇರೋ, ಬರೀ ಕೂರೋ ಬೋಗಿ), ಒಂದೂ ಡೈನಿಂಗ್ ಕಾರಿಲ್ಲ, ಅದರಲ್ಲೂ ಎರಡಕ್ಕೆ ಒಂದೇ ಹೆಸರು, ಸಿಲ್ವರ್ ಪೋನಿ. ಅಸಲಿ ಝೆಫರಲ್ಲಿ ಪ್ರತಿ ಬೋಗಿಗೂ ಒಂದು ಹೆಸರು, ಒಂದು ಹೆಸರಿಗೆ ಒಂದೇ ಬೋಗಿ. ಹಾಗಾಗಿ ಎರಡು ಸಿಲ್ವರ್ ಪೋನಿ ಇರೋ ರೈಲು ಅಂದ್ರೆ ಅದು ಝೆಫರೇ ಅಲ್ಲ. ಅವತ್ತೇ ಕೊಳ್ಳೋದು ನಿಲ್ಲಿಸಿ ಕೂತು ಪಟ್ಟಿ ಮಾಡ್ದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅಂದ್ರೆ ಅದೇ.

ಆ ಹೆಸರುಗಳನ್ನ ಓದೋದೇ ಒಂದು ಖುಷಿ. ಎಲ್ಲ ಸಿಲ್ವರ್ ಅಂತಲೇ ಶುರು, ಆಮೇಲಿನ ಪದದಲ್ಲಿ ಲೆಕ್ಕಾಚಾರ ಇದೆ. ಲಗೇಜ್ ಬೋಗಿಗಳಿಗೆ ಕಾಡುಪ್ರಾಣಿ ಹೆಸರು, ಬೇರ್, ಬಫಲೋ, ಕಯೋಟೆ, ಬೀವರ್. 16 ಸೆಕ್ಷನ್ (ರೂಮಿಲ್ಲದ, ಪರದೆ ಹಾಕಿದ ಬರ್ತಿನ ಜೋಡಿ) ಸ್ಲೀಪರ್‌ಗಳಿಗೆ ಮರದ ಹೆಸರು, ಮೇಪಲ್, ಆಸ್ಪೆನ್, ಪೈನ್. ಆರು ಬೆಡ್‌ರೂಮು ಐದು ಕಂಪಾರ್ಟ್‌ಮೆಂಟ್ ಇರೋ ಸ್ಲೀಪರ್‌ಗಳಿಗೆ ಹಕ್ಕಿ ಹೆಸರು. ರಿಯೋ ಗ್ರಾಂಡೆಯ ನಾಲ್ಕು ಡೋಮ್ ಕೋಚುಗಳೂ ಕುದುರೆಗಳು: ಬ್ರಾಂಕೋ, ಕೋಲ್ಟ್, ಮಸ್ಟಾಂಗ್, ಪೋನಿ. ಬರ್ಲಿಂಗ್ಟನ್ ಡೋಮ್ ಕೋಚುಗಳಲ್ಲಿ ಸ್ಯಾಡಲ್, ಬ್ರೈಡಲ್, ಸ್ಟಿರಪ್, ಅಂದ್ರೆ ಜೀನು, ಕಡಿವಾಣ, ರಿಕಾಪು! ಕುದುರೆ ಒಬ್ಬರದು, ಜೀನು ಇನ್ನೊಬ್ಬರದು, ಓಡೋದು ಒಂದೇ ರೈಲಲ್ಲಿ. ಅಮ್ಮ ಪಟ್ಟಿ ಓದ್ತಾ ಕನ್ನಡ ಮಾಡ್ತಾ ಹೋದ್ರು, ಬೆಳ್ಳಿ ಹಂಸ, ಬೆಳ್ಳಿ ಕರಡಿ, ಬೆಳ್ಳಿ ಗರಿ. ಈಗ್ಲೂ ನಮ್ಮನೇಲಿ ಸಿಲ್ವರ್ ಸ್ವಾನಿಗೆ ಹಂಸ ಅಂತಲೇ ಹೆಸರು.

ಇನ್ನೊಂದು ವಿಷಯ ಪಟ್ಟಿ ಮಾಡುವಾಗ ಗೊತ್ತಾಯ್ತು. ಹಳಿ ಉದ್ದಕ್ಕೆ ತಕ್ಕ ಹಾಗೆ ಮೂರೂ ಕಂಪನಿ ಬೋಗಿಗಳನ್ನ ಹಂಚಿಕೊಂಡು ಕೊಂಡಿದ್ರು. ಕೊನೇ ಆಬ್ಸರ್ವೇಶನ್ ಬೋಗಿ ಆರರಲ್ಲಿ ಬರ್ಲಿಂಗ್ಟನ್ನಿಗೆ ಮೂರು, ವೆಸ್ಟರ್ನ್ ಪೆಸಿಫಿಕ್ಕಿಗೆ ಎರಡು, ರಿಯೋ ಗ್ರಾಂಡೆಗೆ ಒಂದೇ ಒಂದು. ಪಕ್ಕದಲ್ಲಿ ದೊಡ್ಡದಾಗಿ ಕ್ಯಾಲಿಫೋರ್ನಿಯಾ ಝೆಫರ್ ಅಂತ ಇರುತ್ತೆ, ಯಾವ ಕಂಪನಿದು ಅನ್ನೋದು ತುದೀಲಿ ಸಣ್ಣ ಅಕ್ಷರದಲ್ಲಿ. ಅಂದ್ರೆ ಒಂದೇ ಕಂಪನಿಯ 11 ಬೋಗಿ ಸಾಲಾಗಿ ಇಟ್ರೆ ಅದು ಆ ರೈಲಾಗಲ್ಲ, ಮೂರೂ ಬೆರೆತಿರಬೇಕು. ಇದಲ್ದೆ ನ್ಯೂಯಾರ್ಕಿಂದ ನೇರ ಬರೋ ಪ್ಯಾಸೆಂಜರ್‌ಗಳ ಸಲುವಾಗಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಒಂದು ಸ್ಲೀಪರ್ ಕೊಟ್ಟಿತ್ತು, ಸಿಲ್ವರ್ ರ‍್ಯಾಪಿಡ್ಸ್. ಅದು ನನಗೆ ಬೇಕೇ ಬೇಕು ಅನ್ನಿಸ್ತು.

ಕೊನೆಗೆ 1950ರ ದಶಕದ ಮಧ್ಯದ ರೈಲು ಅಂತ ಗಟ್ಟಿ ಮಾಡ್ಕೊಂಡೆ, ಯಾಕಂದ್ರೆ 60ರ ದಶಕದಲ್ಲಿ ಆ ಮರದ ಹೆಸರಿನ ಸ್ಲೀಪರ್‌ಗಳನ್ನ ಕೂರೋ ಕೋಚಾಗಿ ಬದಲಾಯಿಸಿಬಿಟ್ರು, ನನಗೆ ಅದು ಮೂಲ ರೂಪದಲ್ಲೇ ಬೇಕಿತ್ತು. ಮೇಲೊಂದು ಕೆಳಗೊಂದು ಬರ್ತು, ಎದುರಿಗೆ ಪರದೆ, ನಮ್ಮ ಎಸಿ ಟೂ ಟಯರಿನ ಸೈಡ್ ಬರ್ತ್ ನೆನಪಾಗುತ್ತೆ. ನನ್ನ ಪಟ್ಟಿ ಹೀಗೆ: ಲಗೇಜಿಗೆ ಸಿಲ್ವರ್ ಬೀವರ್, ಡೋಮ್ ಕೋಚು ಮೂರು ಸ್ಯಾಡಲ್, ಪೋನಿ, ಫೆದರ್ (ಮೂರು ಕಂಪನಿಯಿಂದ ಒಂದೊಂದು), ಡೋಮ್ ಲೌಂಜ್ ಸಿಲ್ವರ್ ಹಾಸ್ಟೆಲ್, ಆಮೇಲೆ ಸ್ಲೀಪರ್‌ಗಳು ಮೇಪಲ್, ಕ್ಲಿಫ್, ರ‍್ಯಾಪಿಡ್ಸ್, ಸ್ವಾನ್, ಅವುಗಳ ನಡುವೆ ಡೈನಿಂಗ್ ಕಾರ್ ಸಿಲ್ವರ್ ಬ್ಯಾಂಕ್ವೆಟ್, ಕಟ್ಟಕಡೇಲಿ ಪ್ಲಾನೆಟ್.

ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ಪಟ್ಟಿಯಲ್ಲಿ ಇಲ್ಲದ ಒಂದು ಬೋಗಿನೂ ಕೊಂಡಿಲ್ಲ. ಹೆಚ್ಚಾದ ಎರಡು ಡೋಮ್ ಕೋಚಲ್ಲಿ ಎರಡನೇ ಪೋನಿ ಕೊಟ್ಟು ಲೌಂಜ್ ಬದಲಾಯಿಸಿಕೊಂಡೆ, ಇನ್ನೊಂದನ್ನ ಮಾರಿದೆ. ಒಬ್ಬ ಮಾರಾಟಗಾರರು ಸಿಲ್ವರ್ ಸ್ವಾನ್ ಅಂತ ಹೇಳಿ ಕಳಿಸಿದ ಡಬ್ಬದೊಳಗೆ ಬೇರೇ ಸ್ಲೀಪರ್ ಇತ್ತು, ಹತ್ತು ರೂಮೆಟ್ಟು (ಒಬ್ಬರಿಗಾಗೋ ಪುಟ್ಟ ರೂಮು) ಆರು ಬೆಡ್‌ರೂಮಿನದು. ಹೆಸರು ಬದಲಾಯಿಸಿದ್ರಾಯ್ತು ಅಂತ ಇದರಲ್ಲಿ ಹೇಳೋಕಾಗಲ್ಲ, ಕಿಟಕಿಗಳ ಜೋಡಣೆಯೇ ಬೇರೆ. ಬೋಗಿ ಕೊಳ್ಳುವಾಗ ಹೆಸರು ನೋಡಬೇಡಿ, ಕಿಟಕಿ ಎಣಿಸಿ. ಹೆಸರು ಬದಲಾಯಿಸಬಹುದು, ಕಿಟಕಿ ಆಗಲ್ಲ. ಆ ಬೋಗಿನೇ ಮುಂದೆ ರ‍್ಯಾಪಿಡ್ಸ್ ಆಯ್ತು, ಅದೂ ಅದೇ ತರದ ಬೋಗಿ ಆದ್ದರಿಂದ.

ಅಕ್ಷರ ಅಳಿಸಿ ಅಕ್ಷರ ಬರೆದಿದ್ದು

ಮೂರು ಬೋಗಿಗೆ ಹೆಸರು ಬದಲಾಯಿಸಬೇಕಿತ್ತು. ಈ ಬೋಗಿಗಳ ಪ್ಲಾಸ್ಟಿಕ್ ಮೇಲೆ ಲೋಹದ ಪ್ಲೇಟಿಂಗ್ ಇರುತ್ತೆ, ಜೋರಾಗಿ ಉಜ್ಜಿದ್ರೆ ಅಕ್ಷರದ ಜೊತೆ ಹೊಳಪೂ ಎದ್ದುಬಂದು ಕೆಳಗಿನ ಪ್ಲಾಸ್ಟಿಕ್ ಕಾಣಿಸುತ್ತೆ. ಅದಕ್ಕೆ ಮೊದಲು ಒಡೆದುಹೋದ ಒಂದು ಹಳೇ ಬೋಗಿಯ ಮೈ ಅಗ್ಗಕ್ಕೆ ತಗೊಂಡು ಅದರ ಮೇಲೆ ಪ್ರಯೋಗ ಮಾಡ್ದೆ. ಕೊನೆಗೆ ಕೆಲಸ ಮಾಡಿದ್ದು ಇದು: ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಅಕ್ಷರದ ಸ್ಟಿಕರ್) ಮೆತ್ತಗೆ ಮಾಡೋ ದ್ರಾವಣವನ್ನ ಬ್ರಷ್ಷಲ್ಲಿ ಅಕ್ಷರದ ಮೇಲೆ ಹಚ್ಚಿ ಹತ್ತು ನಿಮಿಷ ಬಿಡೋದು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿದ ಟೂತ್‌ಪಿಕ್ಕಿಂದ ಒಂದೊಂದೇ ಅಕ್ಷರ ಸವರೋದು, ಒರೆಸೋದು, ಮತ್ತೆ ಹಚ್ಚೋದು. ಒಂದು ಹೆಸರು ಹೋಗೋಕೆ ಒಂದು ಸಂಜೆ ಬೇಕು. ಸಿಲ್ವರ್ ಅನ್ನೋ ಪದ ಎಲ್ಲಾದಕ್ಕೂ ಒಂದೇ ಅಲ್ವಾ, ಅದನ್ನ ಹಾಗೇ ಬಿಟ್ಟು ಎರಡನೇ ಪದ ಮಾತ್ರ ಅಳಿಸಿದ್ರೆ ಕೆಲಸ ಅರ್ಧ ಆಗುತ್ತೆ ಅಂತ ನೋಡಿದೆ, ಆದ್ರೆ ಹೆಸರಿನ ಉದ್ದ ಬದಲಾದ್ರೆ ನಡುಮಧ್ಯ ತಪ್ಪಿ ಒಂದು ಕಡೆ ವಾಲಿದ ಹಾಗೆ ಕಾಣುತ್ತೆ. ಪೂರ್ತಿ ಅಳಿಸಿ ಹೊಸದಾಗಿ ಹಾಕೋದೇ ಸರಿ.

ಹೊಸ ಅಕ್ಷರ ಡೆಕಾಲಲ್ಲಿ. ನೀರಲ್ಲಿ ನೆನೆಸಿ ಜಾರಿಸಿ, ಕಿಟಕಿ ಅಂಚಿಗೆ ಒಂದು ಸಣ್ಣ ಟೇಪು ಅಂಟಿಸಿಕೊಂಡು ಅದರ ಗೆರೆಗೆ ಸರಿಯಾಗಿ ಕೂರಿಸಿದೆ. ರ‍್ಯಾಪಿಡ್ಸಿನ ಕೊನೇ ಎಸ್ ಎರಡು ಸಲ ಮಡಚಿಕೊಂಡು ಹೋಯ್ತು, ಮೂರನೇ ಸಲ ನಿಂತಿತು.

ಡೈನಿಂಗ್ ಕಾರು

ಎಲ್ಲಕ್ಕಿಂತ ಹೆಚ್ಚು ಕಾಡಿಸಿದ್ದು ಇದು. ಪ್ಲೇಟಿಂಗ್ ಇರೋ ಡೈನರ್ ಒಂದೂವರೆ ವರ್ಷ ಹುಡುಕಿದ್ರೂ ಸಿಗಲಿಲ್ಲ, ಸಿಕ್ಕಿದ್ದು ಬರೀ ಬೂದು ಬೆಳ್ಳಿ ಬಣ್ಣ ಬಳಿದಿದ್ದು. ಒಂದೇ ಸಾಲಲ್ಲಿ ನಿಲ್ಲಿಸಿದ್ರೆ ಸ್ಟೀಲ್ ತಟ್ಟೆಗಳ ಮಧ್ಯೆ ಅಲ್ಯೂಮಿನಿಯಂ ತಟ್ಟೆ ಇಟ್ಟ ಹಾಗೆ. ಬಣ್ಣ ಪೂರ್ತಿ ತೆಗೆದು, ಹೊಳೆಯೋ ಕಪ್ಪು ಬಣ್ಣ ಮೊದಲು ಹೊಡೆದು, ಎರಡು ದಿನ ಒಣಗಿಸಿ, ಅದರ ಮೇಲೆ ಏರ್‌ಬ್ರಷ್ಷಲ್ಲಿ ಮೆಟಾಲಿಕ್ ಲ್ಯಾಕರ್ ತೆಳ್ಳಗೆ ನಾಲ್ಕು ಕೋಟು. ಕೆಳಗಿನ ಕಪ್ಪು ಎಷ್ಟು ನುಣುಪೋ ಮೇಲಿನ ಲೋಹ ಅಷ್ಟು ಹೊಳೆಯುತ್ತೆ. ಮೊದಲ ಸಲ ಕಪ್ಪು ಪೂರ್ತಿ ಒಣಗೋಕೆ ಮುಂಚೆನೇ ಹೊಡೆದೆ, ಮೈಯೆಲ್ಲ ಬಿರುಕು ಬಿಡ್ತು, ಪೂರ್ತಿ ತೆಗೆದು ಮತ್ತೆ ಶುರು.

ಎರಡನೇ ಸಲ ಚೆನ್ನಾಗೇ ಬಂತು, ಆದ್ರೂ ಪಕ್ಕದ ಪ್ಲೇಟಿಂಗ್ ಬೋಗಿ ಕನ್ನಡಿ ತರ, ಇದು ಪಾತ್ರೆ ತರ. ಆಗ ಹಳೇ ಬಣ್ಣದ ಫೋಟೋಗಳನ್ನ ಮತ್ತೆ ತೆಗೆದು ನೋಡಿದೆ. ಅಸಲಿ ಬೋಗಿ ಕನ್ನಡಿ ತರ ಇರಲೇ ಇಲ್ಲ! ಸ್ಟೇನ್‌ಲೆಸ್ ಸ್ಟೀಲು ಹೊಳೆಯೋದು ಮೆದುವಾಗಿ, ನಮ್ಮ ಅಡುಗೆಮನೆ ಡಬ್ಬಿ ತರ, ಮುಖ ಕಾಣೋ ಹಾಗಲ್ಲ. ಅಂದ್ರೆ ಡೈನರ್ರೇ ಸರಿ, ಮಿಕ್ಕ ಹತ್ತೇ ಜಾಸ್ತಿ ಹೊಳೀತಿದ್ದಿದ್ದು. ಕಿಟಕಿ, ಡೋಮ್ ಗಾಜು ಎಲ್ಲ ಬಿಚ್ಚಿಟ್ಟು ಹತ್ತೂ ಬೋಗಿಗೆ ಸ್ಯಾಟಿನ್ ಕ್ಲಿಯರ್ ಕೋಟು ಬಹಳ ತೆಳ್ಳಗೆ ಹೊಡೆದೆ, ಅದೂ ಮೊದಲು ಆ ಒಡೆದ ಮೈ ಮೇಲೆ ಹೊಡೆದು ಟೇಪು ಅಂಟಿಸಿ ಕಿತ್ತು ನೋಡಿ, ಏಳಲ್ಲ ಅಂತ ಖಾತ್ರಿಯಾದ ಮೇಲೆ. ಹೊಸಾ ಬೋಗಿ ಮೇಲೆ ಮಂಕು ಹೊಡೀತಿದೀಯಲ್ಲ ಅಂತ ಅಪ್ಪನಿಗೆ ಸಂಕಟ. ಮುಗಿದ ಮೇಲೆ ಎಲ್ಲಾ ಒಟ್ಟಿಗೆ ಇಟ್ಟು ದೂರದಿಂದ ನೋಡಿದ್ರು, "ಈಗ ಒಂದೇ ಮನೆಯವು ಅನ್ನಿಸ್ತಾವೆ" ಅಂದ್ರು.

ಗಾಲಿ, ತೂಕ, ದೀಪ

ಪ್ಲಾಸ್ಟಿಕ್ ಗಾಲಿ ಇದ್ದ ಮೂರಕ್ಕೆ 36 ಇಂಚು ಸ್ಕೇಲಿನ ಲೋಹದ ಗಾಲಿ ಹಾಕಿದೆ (ಗೂಡ್ಸ್ ಬೋಗಿಯದ್ದು 33, ಅಂಗಡೀಲಿ ಮೊದಲು ಕಣ್ಣಿಗೆ ಬೀಳೋದು ಅದೇ, ನೋಡಿ ತಗೊಳ್ಳಿ). ಎಲ್ಲಾದಕ್ಕೂ ಕೇಡೀ ಕಂಪನಿಯ ಕಪ್ಲರ್ (ಬೋಗಿಗೆ ಬೋಗಿ ಜೋಡಿಸೋ ಕೊಂಡಿ), ಎತ್ತರ ಗೇಜಲ್ಲಿ ಅಳೆದು. ತೂಕಕ್ಕೆ ಎನ್‌ಎಂಆರ್‌ಎ (ಅಮೆರಿಕಾದ ಮಾಡೆಲ್ ರೈಲಿನವರ ಸಂಘ) ಲೆಕ್ಕ: ಮೊದಲು ಒಂದು ಔನ್ಸ್, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಬೋಗಿಗೆ ಅದು ಸುಮಾರು 195 ಗ್ರಾಂ. ಅಡುಗೆಮನೆ ತಕ್ಕಡಿ ಗ್ಯಾರೇಜಿಗೆ ಬಂತು. ಹಗುರ ಇದ್ದ ಬೋಗಿಗೆ ಸೀಸದ ತುಂಡು ನೆಲದಡಿ, ನಡುಭಾಗದಲ್ಲಿ. ಡೋಮ್ ಬೋಗಿಗೆ ಮೇಲೆ ತೂಕ ಇಡಬಾರದು, ತಿರುವಲ್ಲಿ ವಾಲುತ್ತೆ.

ದೀಪದ ಕೆಲಸ ಅಪ್ಪಂದು. ಮೊದಲಿಂದ ಮನೇಲಿ ರೇಡಿಯೋ ಬಿಚ್ಚಿ ಕೂಡಿಸ್ತಿದ್ದೋರು, ಸೋಲ್ಡರಿಂಗ್ ಕೈ ಈಗ್ಲೂ ನಡುಗಲ್ಲ. ಹಳಿಯಿಂದ ಗಾಲಿ ಮೂಲಕ ಕರೆಂಟು, ಬ್ರಿಜ್ ರೆಕ್ಟಿಫೈಯರ್, ರೆಸಿಸ್ಟರ್, ಹಳದಿ ಬೆಳಕಿನ ಎಲ್‌ಇಡಿ ಪಟ್ಟಿ. ಹಳಿ ಮೇಲೆ ಒಂದು ಚೂರು ಧೂಳಿದ್ರೂ ದೀಪ ಮಿಣುಕ್ ಮಿಣುಕ್ ಅನ್ನುತ್ತೆ, ಅದಕ್ಕೆ ಬೋಗಿಗೊಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದು ಬೋಗಿ ಇಟ್ಟಾಗ ಸೊಗಸು, ಎಂಟು ಇಟ್ಟಾಗ ಕಂಟ್ರೋಲರ್ ಆನ್ ಆಗ್ತಿದ್ದ ಹಾಗೇ ಟ್ರಿಪ್. ಹಳಿ, ವೈರು, ಪಾಯಿಂಟು ಎಲ್ಲ ಎರಡು ವಾರ ಬಿಚ್ಚಿ ಹುಡುಕಿದೆ, ಶಾರ್ಟ್ ಎಲ್ಲೂ ಇಲ್ಲ. ಅಪ್ಪನೇ ಹಿಡಿದ್ರು: ಖಾಲಿ ಕೆಪಾಸಿಟರ್ ಎಂಟೂ ಒಟ್ಟಿಗೆ ಚಾರ್ಜ್ ಆಗೋಕೆ ಹೊರಟ್ರೆ ಆ ಕ್ಷಣಕ್ಕೆ ಕಂಟ್ರೋಲರಿಗೆ ಅದು ಶಾರ್ಟ್ ತರಾನೇ ಕಾಣೋದು. ಕೆಪಾಸಿಟರ್ ಜೊತೆ ಸಾಲಲ್ಲಿ 100 ಓಮ್ ರೆಸಿಸ್ಟರ್, ಅದಕ್ಕೆ ಅಡ್ಡವಾಗಿ ಒಂದು ಡಯೋಡ್ ಹಾಕಿದ್ರು, ಚಾರ್ಜ್ ಆಗುವಾಗ ನಿಧಾನ, ಕೊಡುವಾಗ ಡಯೋಡ್ ಮೂಲಕ ನೇರ. ಅಲ್ಲಿಂದ ಈಚೆಗೆ ಒಂದ್ಸಲನೂ ಟ್ರಿಪ್ ಆಗಿಲ್ಲ.

ಡೋಮಿಗೆ ದೀಪ ಬೇಡ ಅಂತ ಬಿಟ್ಟೆ, ಕತ್ತಲಲ್ಲಿ ಹೊರಗಿನ ನೋಟ ಕಾಣಬೇಕಾದ್ರೆ ಒಳಗೆ ಬೆಳಕಿರಬಾರದು. ಐದು ಡೋಮಲ್ಲೂ ಜನ ಕೂರಿಸಿದೀನಿ, 120 ಸೀಟಲ್ಲಿ ಸದ್ಯಕ್ಕೆ 74. ಸಿಲ್ವರ್ ಫೆದರಿನ ಬಾಗಿಲ ಹತ್ರ ಯೂನಿಫಾರ್ಮಲ್ಲಿ ಒಬ್ಬ ಝೆಫರೆಟ್ ನಿಂತಿದಾಳೆ, ಪ್ಯಾಸೆಂಜರ್‌ಗಳನ್ನ ನೋಡಿಕೊಳ್ಳೋಕೆ ಪ್ರತಿ ರೈಲಲ್ಲೂ ಒಬ್ಬ ಹೆಂಗಸು ಇರ್ತಿದ್ರು, ಅವರಿಗೆ ಆ ಹೆಸರು. ಅವಳಿಗೆ ಬಣ್ಣ ಹಚ್ಚಿದ್ದು ನನ್ನ ಮಗಳು.

ಓಡಿಸಿದ್ದು

ಎಂಜಿನ್ ವೆಸ್ಟರ್ನ್ ಪೆಸಿಫಿಕ್ಕಿನದು, ಬೆಳ್ಳಿ ಕಿತ್ತಳೆ ಬಣ್ಣ, ಮುಂದೊಂದು ಕ್ಯಾಬ್ ಇರೋದು, ಹಿಂದೆ ಕ್ಯಾಬ್ ಇಲ್ಲದ ಎರಡು. ಆ ಕಾಲದ ಅಸಲಿ ಎಂಜಿನ್ 805-ಎ ಪೋರ್ಟೋಲಾದ ವೆಸ್ಟರ್ನ್ ಪೆಸಿಫಿಕ್ ಮ್ಯೂಸಿಯಮ್ಮಲ್ಲಿ ಇದೆ, ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಹೋಗಿ ಆ ಕಿತ್ತಳೆ ಎಲ್ಲಿ ಮುಗಿದು ಬೆಳ್ಳಿ ಎಲ್ಲಿ ಶುರು ಅಂತ ಫೋಟೋ ತಗೊಂಡು ಬಂದೆ.

11 ಬೋಗಿ ಅಂದ್ರೆ ಎರಡು ಕೆಜಿ ಮೇಲೆ. ನನ್ನ ಲೇಔಟಲ್ಲಿ (ಪ್ಲೈವುಡ್ ಮೇಲೆ ಹಾಕಿರೋ ಹಳಿ ದಾರಿ) ಒಂದು ಏರು ನೂರಕ್ಕೆ ಎರಡೂವರೆ ಇತ್ತು, ಏಳನೇ ಬೋಗಿ ಏರು ಹತ್ತೋ ಹೊತ್ತಿಗೆ ಗಾಲಿ ಸುಮ್ನೆ ತಿರುಗ್ತಾ ನಿಂತುಬಿಡ್ತು. ಅಸಲಿ ವೆಸ್ಟರ್ನ್ ಪೆಸಿಫಿಕ್ ಫೆದರ್ ಕಣಿವೇಲಿ ಏರನ್ನ ನೂರಕ್ಕೆ ಒಂದರಲ್ಲೇ ಹಿಡಿದಿತ್ತು, ಅಷ್ಟು ದೊಡ್ಡ ಬೆಟ್ಟದಲ್ಲಿ ಅವರಿಗೆ ಸಾಧ್ಯ ಆಗಿದ್ದು ನನ್ನ ಪ್ಲೈವುಡ್ಡಲ್ಲಿ ಯಾಕಾಗಲ್ಲ ಅಂತ ಏರನ್ನ ಕಿತ್ತು ಉದ್ದ ಮಾಡ್ದೆ. ಜೊತೆಗೆ ಮಧ್ಯದ ಎಂಜಿನ್ನಿಗೂ ಮೋಟರ್ ಇರೋದನ್ನ ಹುಡುಕಿ ಹಾಕಿದೆ. 24 ಇಂಚು ರೇಡಿಯಸ್ ತಿರುವುಗಳನ್ನೂ ತೆಗೆದು 30 ಮಾಡಬೇಕಾಯ್ತು, ಬೋಗಿ ಬೋಗಿ ನಡುವಿನ ಡಯಾಫ್ರಮ್ಮುಗಳು (ಓಡಾಡೋ ದಾರಿ ಮುಚ್ಚೋ ಮಡಿಕೆ ಹೊದಿಕೆ) ಒಂದಕ್ಕೊಂದು ಒತ್ತಿ ಹಂಸ ಪ್ರತಿ ಸುತ್ತಲ್ಲೂ ಅದೇ ಜಾಗದಲ್ಲಿ ಹಳಿ ತಪ್ತಿತ್ತು. ಇದು ಮೊದಲೇ ಮಾಡಬೇಕಾದ ಕೆಲಸ, ಬೋಗಿ ಕೊಳ್ಳೋಕೆ ಮುಂಚೆ ಟೇಪು ಹಿಡಿದು ಜಾಗ ಅಳೀರಿ.

ಕಳೆದ ತಿಂಗಳು ಅಪ್ಪ ಅಮ್ಮ ಮತ್ತೆ ಬಂದ್ರು. ಶನಿವಾರ ರಾತ್ರಿ ಗ್ಯಾರೇಜಿನ ಲೈಟ್ ಆರಿಸಿ 11 ಬೋಗಿನೂ ಒಟ್ಟಿಗೆ ಮೊದಲ ಸಲ ಬಿಟ್ಟೆ. ಬೀವರ್ ಮುಂದೆ, ಆಮೇಲೆ ಜೀನು, ಕುದುರೆ, ಗರಿ, ಅಮ್ಮ ಹೆಸರು ಹೇಳ್ತಾ ಎಣಿಸ್ತಾ ಹೋದ್ರು, ಹಂಸ ಮೊದಲು ತಪ್ತಿದ್ದ ತಿರುವಲ್ಲಿ ಎಲ್ಲರೂ ಉಸಿರು ಹಿಡಿದು ನೋಡಿದ್ವಿ, ದಾಟ್ತು. ಮೂರು ಸುತ್ತು, ಎಲ್ಲೂ ನಿಲ್ಲಲಿಲ್ಲ. ಕೊನೇಲಿ ಪ್ಲಾನೆಟ್ ಹೋಗುವಾಗ ಹಿಂದೆ ಕತ್ತಲೆ ಇತ್ತು, ಯಾಕಂದ್ರೆ ಬಾಲದ ನೇಮ್ ಬೋರ್ಡಿನ ದೀಪ ಇನ್ನೂ ಹಾಕಿಲ್ಲ. ಅಪ್ಪ ಬೆಳಗ್ಗೆ ಆರಕ್ಕೇ ಎದ್ದು ಸೋಲ್ಡರಿಂಗ್ ಐರನ್ ಕಾಯೋಕೆ ಇಟ್ಟಿದ್ರು.